ಹಳೇಬೀಡಿಗೆ ಯಾವ ಬಿಸಿಲು ಒಳ್ಳೆಯದು?

ಕಳೆದ ಡಿಸೆಂಬರಿನಲ್ಲಿ ನಮ್ಮ ಶಾಲೆಯ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳನ್ನು ಬೇಲೂರು, ಹಳೇಬೀಡು ನೋಡಲು ಕರೆದುಕೊಂಡು ಹೋಗಿದ್ದೆವು. ಹೊರಡುವ ಹಿಂದಿನ ದಿನ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಹಾಸನದ ಕಡೆಯೆಲ್ಲ ಮೋಡ ಮುಸುಕಿತು. ಪುಣ್ಯಕ್ಕೆ ಮಳೆ ಬರಲಿಲ್ಲ. ಆದರೆ ಬೆಳಗಿನಿಂದ ಸಂಜೆಯವರೆಗೆ ಸೂರ್ಯನೂ ಮುಖ ತೋರಿಸಲಿಲ್ಲ. ಬಸ್ಸಿನಿಂದ ಇಳಿದ ಮಕ್ಕಳು ಆಕಾಶ ನೋಡಿ, ‘ಅಯ್ಯೋ, ಫೋಟೋ ಚೆನ್ನಾಗಿ ಬರೋಲ್ಲ ಸಾರ್’ ಎಂದು ರಾಗ ಎಳೆದರು. ನಾನು ಲೆಕ್ಕ ಹಾಕುತ್ತಾ, ಊಟದ ಪೊಟ್ಟಣ ಹಂಚುತ್ತಾ ಇದ್ದವನು, ಆಗ ಅವರಿಗೆ ಹೇಳಬೇಕಾಗಿದ್ದ ಮಾತನ್ನು ಹೇಳಲಿಲ್ಲ. ಅದರ ಫಲವನ್ನು ಮೂರನೆಯ ದಿನ ಉಂಡೆ.

ಮೂರನೆಯ ದಿನ ಎಂಟನೇ ತರಗತಿಯ ಹುಡುಗಿಯೊಬ್ಬಳ ತಂದೆ ಶಾಲೆಗೆ ಬಂದರು. ಅವರದು ನಮ್ಮ ಊರಿನ ಪೇಟೆಬೀದಿಯಲ್ಲಿ ಸಣ್ಣ ಹೊಲಿಗೆ ಅಂಗಡಿ. ‘ಸಾರ್, ಬಿಸಿಲು ಇರೋ ದಿನ ನೋಡಿ ಮಕ್ಕಳನ್ನ ಕರ್ಕೊಂಡು ಹೋಗಬಾರದಿತ್ತಾ? ನಮ್ಮ ಹುಡುಗಿ ನನ್ನ ಫೋನ್ ತಗೊಂಡು ಹೋಗಿದ್ದಳು. ತೆಗೆದ ಫೋಟೋ ಒಂದೂ ನೆಟ್ಟಗಿಲ್ಲ ಅಂತ ಮುಖ ಊದಿಸಿಕೊಂಡು ಕೂತಿದ್ದಾಳೆ. ಫೋನೇ ಸರಿ ಇಲ್ಲವಂತೆ, ಹೊಸದು ಕೊಡಿಸಬೇಕಂತೆ. ಇಪ್ಪತ್ತೈದು ಸಾವಿರ ಸಾರ್!’ ಎಂದರು. ಅವರ ಧ್ವನಿಯಲ್ಲಿ ಸಿಟ್ಟಿಗಿಂತ ಆ ಇಪ್ಪತ್ತೈದು ಸಾವಿರದ ಭಾರವೇ ಹೆಚ್ಚಾಗಿತ್ತು. ‘ಶನಿವಾರ ಮಧ್ಯಾಹ್ನ ಫೋನು, ಹುಡುಗಿ ಇಬ್ಬರನ್ನೂ ಕರೆದುಕೊಂಡು ಬನ್ನಿ. ಅಲ್ಲಿಯವರೆಗೆ ಏನನ್ನೂ ಕೊಳ್ಳಬೇಡಿ’ ಎಂದು ಕಳುಹಿಸಿದೆ.

ಹೀಗೆ ಧೈರ್ಯವಾಗಿ ಹೇಳಲು ಕಾರಣವಿತ್ತು. ಹಳೇಬೀಡಿನಲ್ಲಿ ನಾನೂ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಅದೂ ಮೋಡದಿಂದಲ್ಲ, ಚೊಕ್ಕ ಬಿಸಿಲಿನಿಂದ.

1988ರಲ್ಲಿ ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ನನ್ನ ಅಜ್ಜಿಗೆ ಹಳೇಬೀಡು ನೋಡುವ ಆಸೆ ಬಹಳ ಕಾಲದ್ದು. ಮಂಡಿನೋವಿನಿಂದ ಅವರು ಬಸ್ಸು ಹತ್ತುವಂತಿರಲಿಲ್ಲ. ‘ನೀನಾದ್ರೂ ಹೋಗಿ ಫೋಟೋ ತಗೊಂಡು ಬಾರೋ, ಮನೇಲೇ ಕೂತು ನೋಡ್ತೀನಿ’ ಎಂದಿದ್ದರು. ಸೋದರಮಾವನ ಡಬ್ಬಿ ಕ್ಯಾಮೆರಾ ಎರವಲು ತಂದೆ. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಅದರ ಮೂತಿಯ ಬಳಿ ಎರಡು ಗುರುತುಗಳಿದ್ದವು, ಒಂದು ಸೂರ್ಯ, ಇನ್ನೊಂದು ಮೋಡ. ಏಪ್ರಿಲ್ ತಿಂಗಳು, ಪರೀಕ್ಷೆ ಮುಗಿದಿತ್ತು, ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಇದಕ್ಕಿಂತ ಒಳ್ಳೆಯ ದಿನ ಸಿಗದು ಎಂದುಕೊಂಡು ಗುರುತನ್ನು ಸೂರ್ಯನಿಗೆ ತಿರುಗಿಸಿ, ಹನ್ನೆರಡು ಗಂಟೆಯಿಂದ ಒಂದು ಗಂಟೆಯೊಳಗೆ ಹನ್ನೆರಡೂ ಚಿತ್ರ ಹೊಡೆದು ಮುಗಿಸಿದೆ. ತೊಳೆದು ಬಂದಾಗ ಶಿಲ್ಪಗಳ ಹಣೆ, ಮೂಗು, ಹೊಟ್ಟೆ ಸುಣ್ಣ ಬಳಿದಂತೆ ಬೆಳ್ಳಗೆ. ಹುಬ್ಬಿನ ಕೆಳಗೆ, ಗಲ್ಲದ ಕೆಳಗೆ, ತೋಳಿನ ಸಂದಿಯಲ್ಲೆಲ್ಲ ಮಸಿ. ಅಜ್ಜಿ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು, ‘ಇದೇನೋ ಇದು, ದೇವರಿಗೆ ಕಣ್ಣೇ ಇಲ್ಲ?’ ಎಂದರು.

ಮತ್ತೊಮ್ಮೆ ಹೋಗಿ ತೆಗೆದು ತರುತ್ತೇನೆ ಎಂದು ಮಾತು ಕೊಟ್ಟೆ. ಬಿ.ಇಡಿ., ಕೆಲಸದ ಹುಡುಕಾಟ ಎಂದು ದಿನ ಕಳೆದವು. ಮತ್ತೆ ಹಳೇಬೀಡಿಗೆ ಹೋದದ್ದು 1994ರಲ್ಲಿ. ಆ ಸಲ ಚಿತ್ರಗಳಲ್ಲಿ ಕಣ್ಣುಗಳಿದ್ದವು. ತೋರಿಸಲು ಅಜ್ಜಿ ಇರಲಿಲ್ಲ.

ಆ ಎರಡು ಪ್ರಯಾಣಗಳ ನಡುವೆ ಬದಲಾದದ್ದು ಕ್ಯಾಮೆರಾ ಅಲ್ಲ, ಅದೇ ಡಬ್ಬಿ. ಬದಲಾದದ್ದು ಬೆಳಕು. ಎರಡನೆಯ ಸಲ ತೆಳುವಾದ ಮೋಡವಿತ್ತು, ಅದೂ ನಾನು ಬೇಡವೆಂದರೂ ಬಂದದ್ದು. ಏಕೆ ಹೀಗಾಯಿತು ಎಂದು ಯೋಚಿಸತೊಡಗಿದ ಮೇಲೆಯೇ ನನಗೆ ಬೆಳಕಿನ ಪಾಠವನ್ನು ತರಗತಿಯಲ್ಲಿ ಹೇಳಲು ಹುಮ್ಮಸ್ಸು ಬಂದದ್ದು.

ಮೊದಲು ನೆರಳಿನ ವಿಚಾರ. ಆಕಾಶದಲ್ಲಿ ಸೂರ್ಯ ನಮಗೆ ಕಾಣುವ ಅಗಲ ಸುಮಾರು ಅರ್ಧ ಡಿಗ್ರಿ ಮಾತ್ರ. ಅವನ ವ್ಯಾಸದ ಸುಮಾರು 107 ಪಟ್ಟು ದೂರದಲ್ಲಿ ನಾವಿದ್ದೇವೆ. ಆದ್ದರಿಂದ ನೆರಳಿನ ಅಂಚಿನಲ್ಲಿ ಮಸುಕಾಗಿ ಕಾಣುವ ಅರೆನೆರಳಿನ ಅಗಲವೂ, ನೆರಳು ಕೊಡುವ ವಸ್ತು ಎಷ್ಟು ದೂರವಿದೆಯೋ ಅದರ 107ನೇ ಒಂದು ಭಾಗದಷ್ಟೇ ಇರುತ್ತದೆ. ಹಳೇಬೀಡಿನ ಶಿಲ್ಪದ ತೋಳಬಂದಿ ಹಿಂದಿನ ಕಲ್ಲಿನಿಂದ ಒಂದು ಸೆಂಟಿಮೀಟರ್ ಮುಂದಕ್ಕೆ ಚಾಚಿದೆ ಎನ್ನಿ. ಅದರ ನೆರಳಿನ ಮಸುಕು ಅಂಚು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಎಂದರೆ ಕತ್ತರಿಯಿಂದ ಕತ್ತರಿಸಿದಂಥ ನೆರಳು. ಅದರಾಚೆಗೆ ಬಿಸಿಲು, ಈಚೆಗೆ ಕತ್ತಲೆ. ಹುಬ್ಬು, ಮೂಗು, ಕಿರೀಟ, ಶಿಲ್ಪದ ತಲೆಯ ಮೇಲಿನ ತೋರಣ, ಎಲ್ಲವೂ ಇಂಥ ನೆರಳುಗಳನ್ನು ಒಂದರ ಮೇಲೊಂದು ಚೆಲ್ಲುತ್ತವೆ. ನಮ್ಮ ಕಣ್ಣಾದರೆ ಆ ನೆರಳಿನೊಳಕ್ಕೆ ನೋಡುವಾಗ ಹೊಂದಿಕೊಳ್ಳುತ್ತದೆ, ಆಚೆ ಈಚೆ ಸರಿದು ಇಣುಕುತ್ತದೆ. ಚಿತ್ರಕ್ಕೆ ಆ ಭಾಗ್ಯವಿಲ್ಲ. ಬಿಸಿಲಿನ ಭಾಗಕ್ಕೂ ಆಳದ ನೆರಳಿಗೂ ಬೆಳಕಿನಲ್ಲಿ ಹತ್ತಾರು ಪಟ್ಟು ವ್ಯತ್ಯಾಸವಿದ್ದಾಗ ಕ್ಯಾಮೆರಾ ಒಂದನ್ನು ಸುಟ್ಟು ಇನ್ನೊಂದನ್ನು ಮುಳುಗಿಸುತ್ತದೆ.

ಅದರ ಮೇಲೆ ನಾನು ಆರಿಸಿಕೊಂಡ ಸಮಯವೂ ಸೊಗಸಾಗಿತ್ತು! ಹಳೇಬೀಡು ಇರುವುದು ಸುಮಾರು 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಏಪ್ರಿಲ್ 25ರ ಸುಮಾರಿಗೆ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗ ಬೆಳಕು ಗೋಡೆಯ ಮೇಲಿನಿಂದ ಕೆಳಕ್ಕೆ ಜಾರುವಂತೆ ಬೀಳುತ್ತದೆ. ಹುಬ್ಬಿನ ನೆರಳು ಕಣ್ಣನ್ನು ನುಂಗುತ್ತದೆ, ಮೂಗಿನ ನೆರಳು ಬಾಯನ್ನು. ಅಜ್ಜಿ ಹೇಳಿದ್ದು ಅಕ್ಷರಶಃ ನಿಜ.

ಇನ್ನು ಮೋಡ ಏನು ಮಾಡುತ್ತದೆ? ಮೋಡದ ಹನಿಗಳು ಬಹಳ ಸಣ್ಣವು, ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಸೂರ್ಯನ ಕಿರಣ ಒಂದು ಹನಿಗೆ ಬಡಿದು ದಿಕ್ಕು ಬದಲಿಸುತ್ತದೆ, ಮತ್ತೊಂದಕ್ಕೆ ಬಡಿಯುತ್ತದೆ, ಹೀಗೆ ಕೋಟ್ಯಂತರ ಹನಿಗಳ ನಡುವೆ ಅಲೆದು ಕೆಳಗೆ ಬರುವ ಹೊತ್ತಿಗೆ ಅದು ಎಲ್ಲಿಂದ ಬಂತೆಂದು ಹೇಳಲಾಗುವುದಿಲ್ಲ. ಅರ್ಧ ಡಿಗ್ರಿಯ ದೀಪ ಹೋಗಿ ಇಡೀ ಆಕಾಶವೇ ದೀಪವಾಗುತ್ತದೆ. ಬೆಳಕು ಕಡಿಮೆಯಾಗುವುದು ನಿಜ. ನಡುಹಗಲ ಬಿಸಿಲಿನಲ್ಲಿ ಸುಮಾರು ಒಂದು ಲಕ್ಷ ಲಕ್ಸ್ ಇರುವ ಬೆಳಕು ದಟ್ಟ ಮೋಡದ ಹಗಲಿನಲ್ಲಿ ಹತ್ತು ಸಾವಿರಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಆದರೆ ಅದು ಹುಬ್ಬಿನ ಕೆಳಗೂ ನುಸುಳುತ್ತದೆ, ತೋಳಿನ ಸಂದಿಗೂ ಹೋಗುತ್ತದೆ.

ಹಳೇಬೀಡಿನ ಮಟ್ಟಿಗೆ ಇದು ಮುಖ್ಯವಾಗುವುದು ಅಲ್ಲಿನ ಕಲ್ಲಿನಿಂದಾಗಿ. 1121ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ ಕಟ್ಟಲು ತೊಡಗಿದ ಹೊಯ್ಸಳೇಶ್ವರ ದೇವಾಲಯ ಬಳಪದ ಕಲ್ಲಿನದು. ಗ್ರಾನೈಟಿನಂತೆ ಉಳಿಯನ್ನು ಹಿಂದಕ್ಕೆ ತಳ್ಳದೆ ಮರದಂತೆ ಮಾತು ಕೇಳುವ ಕಲ್ಲು. ಅದಕ್ಕೇ ಶಿಲ್ಪಿಗಳು ಹಾರದ ಹಿಂದೆ, ಬೆರಳಿನ ಹಿಂದೆ, ತೋರಣದ ಬಳ್ಳಿಯ ಹಿಂದೆ ಉಳಿ ಹಾಕಿ ಟೊಳ್ಳು ಬಿಡಿಸಿದ್ದಾರೆ. ಇಷ್ಟು ಆಳದ ಕೆತ್ತನೆಗೆ ಎಲ್ಲ ಕಡೆಯಿಂದ ಬರುವ ಬೆಳಕೇ ಬೇಕು. ನನ್ನನ್ನು ಕೇಳಿದರೆ, ಆ ಗೋಡೆಯ ದೊಡ್ಡ ಶಿಲ್ಪಗಳಿಗೆ ಚೊಕ್ಕ ಬಿಸಿಲಿಗಿಂತ ತೆಳು ಮೋಡ ಯಾವತ್ತೂ ಮೇಲು. ಸೂರ್ಯ ಎಲ್ಲಿದ್ದಾನೆಂದು ಮಬ್ಬಾಗಿ ಗೊತ್ತಾಗಬೇಕು, ನಮ್ಮ ನೆರಳು ನೆಲದ ಮೇಲೆ ಅಂಚಿಲ್ಲದೆ ಕಾಣಬೇಕು, ಅಂಥ ಮೋಡ.

ಹಾಗಾದರೆ ಮೋಡದ ದಿನವೇ ಹೋಗಬೇಕೆ ಎಂದು ಕೇಳುವಿರಿ. ಅಷ್ಟು ಸುಲಭವಾಗಿದ್ದರೆ ನಾನು ಈ ಅಂಕಣವನ್ನು ಇಲ್ಲಿಗೇ ಮುಗಿಸಬಹುದಿತ್ತು. ಅದೇ ಗೋಡೆಯ ಕೆಳಭಾಗದಲ್ಲಿ ಆನೆಗಳ ಸಾಲು, ಸಿಂಹಗಳ ಸಾಲು, ಬಳ್ಳಿ, ಕುದುರೆ ಸವಾರರು, ರಾಮಾಯಣ ಮಹಾಭಾರತದ ಕಥೆಗಳು ಪಟ್ಟಿಪಟ್ಟಿಯಾಗಿ ಓಡುತ್ತವೆ. ಇವುಗಳ ಕೆತ್ತನೆ ದೊಡ್ಡ ಶಿಲ್ಪಗಳಷ್ಟು ಆಳವಿಲ್ಲ. ಎಲ್ಲ ಕಡೆಯಿಂದಲೂ ಬೆಳಕು ಬಂದರೆ ಇವು ಒತ್ತಿದ ಹಪ್ಪಳದಂತೆ ಚಪ್ಪಟೆಯಾಗಿ ಕಾಣುತ್ತವೆ. ಇಲ್ಲಿ ಬೇಕಾದ್ದು ಗೋಡೆಯನ್ನು ಸವರಿಕೊಂಡು ಹೋಗುವ ಓರೆ ಬಿಸಿಲು.

ಇದನ್ನು ಈ ರಾತ್ರಿಯೇ ಮನೆಯಲ್ಲಿ ಮಾಡಿ ನೋಡಿ. ಮೇಜಿನ ಮೇಲೆ ಒಂದು ನಾಣ್ಯ ಇಡಿ, ಕೋಣೆಯ ದೀಪ ಆರಿಸಿ. ಟಾರ್ಚನ್ನು ನೇರ ಮೇಲಿನಿಂದ ಬಿಟ್ಟರೆ ನಾಣ್ಯ ಹೊಳೆಯುತ್ತದೆಯೇ ಹೊರತು ಅಕ್ಷರಗಳು ಎದ್ದು ಕಾಣುವುದಿಲ್ಲ. ಟಾರ್ಚನ್ನು ನಿಧಾನವಾಗಿ ಮೇಜಿನ ಮಟ್ಟಕ್ಕೆ ಇಳಿಸುತ್ತಾ ಬನ್ನಿ. ಒಂದು ಹಂತದಲ್ಲಿ ಸಿಂಹಗಳ ತಲೆಗೂದಲು ತಟ್ಟನೆ ಎದ್ದು ನಿಲ್ಲುತ್ತದೆ. ಇನ್ನೂ ಇಳಿಸಿದರೆ ನೆರಳುಗಳು ಉದ್ದವಾಗಿ ಎಲ್ಲವನ್ನೂ ಮುಚ್ಚುತ್ತವೆ. ಒಂದು ಸೆಂಟಿಮೀಟರ್ ಉಬ್ಬಿದ ಕೆತ್ತನೆ 45 ಡಿಗ್ರಿಯ ಬೆಳಕಿನಲ್ಲಿ ಒಂದು ಸೆಂಟಿಮೀಟರ್ ನೆರಳು ಕೊಡುತ್ತದೆ. 10 ಡಿಗ್ರಿಯ ಬೆಳಕಿನಲ್ಲಿ ಆ ನೆರಳು ಐದೂವರೆ ಸೆಂಟಿಮೀಟರಿಗೂ ಮಿಗಿಲು. ಹತ್ತನೇ ತರಗತಿಯವರು ಇದನ್ನು ಟ್ಯಾಂಜೆಂಟ್ ಕೋಷ್ಟಕ ತೆಗೆದು ತಾಳೆ ನೋಡಬಹುದು. ಕೊನೆಗೆ ಟಾರ್ಚಿಗೂ ನಾಣ್ಯಕ್ಕೂ ನಡುವೆ ಅಪ್ಪನ ಬಿಳಿ ಪಂಚೆಯನ್ನು ಅಗಲವಾಗಿ ಹಿಡಿಯಿರಿ. ನೀವು ಮೋಡ ಮಾಡಿದಿರಿ. ಕೆತ್ತನೆಯ ನೆರಳುಗಳು ಕರಗಿಹೋಗುತ್ತವೆ.

ಈಗ ಟಾರ್ಚಿನ ಬದಲು ಸೂರ್ಯ, ನಾಣ್ಯದ ಬದಲು ಗೋಡೆ. ಸೂರ್ಯ ಯಾವ ಗೋಡೆಯನ್ನು ಯಾವಾಗ ಸವರಿಕೊಂಡು ಹೋಗುತ್ತಾನೆ? ದೇವಾಲಯ ಪೂರ್ವಕ್ಕೆ ಮುಖಮಾಡಿದೆ. ದೊಡ್ಡ ಶಿಲ್ಪಗಳ ಸಾಲು ಇರುವುದು ಹಿಂದೆ, ಪಶ್ಚಿಮದ ಕಡೆ. ಬೆಳಿಗ್ಗೆ ಹೋದವರಿಗೆ ಆ ಭಾಗ ನೆರಳಿನಲ್ಲಿರುತ್ತದೆ, ಪ್ರವಾಸದ ಬಸ್ಸುಗಳು ಹೆಚ್ಚಾಗಿ ಹೋಗುವುದೂ ಬೆಳಿಗ್ಗೆಯೇ. ಹಳೇಬೀಡಿನಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಸರಾಸರಿ ಹನ್ನೆರಡು ಗಂಟೆ ಇಪ್ಪತ್ತಾರು ನಿಮಿಷಕ್ಕೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಹಳೇಬೀಡು ಇರುವುದು 76 ಡಿಗ್ರಿಯ ಹತ್ತಿರ, ಡಿಗ್ರಿಗೆ ನಾಲ್ಕು ನಿಮಿಷದ ವ್ಯತ್ಯಾಸ. ಅಲ್ಲಿಂದ ಮುಂದೆ ಬಿಸಿಲು ಪಶ್ಚಿಮದ ಗೋಡೆಗೆ ದಾಟುತ್ತದೆ. ಡಿಸೆಂಬರಿನಲ್ಲಿ ಲೆಕ್ಕ ಹಾಕಿದರೆ ಒಂದೂವರೆಗೆ ಆ ಗೋಡೆಗೂ ಕಿರಣಕ್ಕೂ ನಡುವಿನ ಕೋನ ಸುಮಾರು 15 ಡಿಗ್ರಿ, ಎರಡಕ್ಕೆ 22, ಮೂರಕ್ಕೆ 35. ಪಟ್ಟಿಕೆಗಳ ಆನೆ ಕುದುರೆಗಳು ಹೊರಗೆ ಹಾರಿ ಬರುವಂತೆ ಕಾಣುವುದು ಈ ಒಂದೂವರೆ ಗಂಟೆಯಲ್ಲಿ. ಎಂದರೆ ಪ್ರವಾಸಿಗರು ಊಟಕ್ಕೆ ಹೋಗಿರುವ ಹೊತ್ತಿನಲ್ಲಿ! ಪೂರ್ವದ ಗೋಡೆಗೆ ಇದೇ ಲೆಕ್ಕ ತಿರುಗುಮುರುಗಾಗಿ ಬೆಳಿಗ್ಗೆ ಹತ್ತರಿಂದ ಹನ್ನೊಂದೂಕಾಲರವರೆಗೆ ಬರುತ್ತದೆ.

ಸಂಜೆಯ ಹೊಂಬಿಸಿಲಿನಲ್ಲಿ ಚಿತ್ರ ತೆಗೆಯಬೇಕೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಹಳೇಬೀಡಿನ ಪಶ್ಚಿಮದ ಗೋಡೆಗೆ ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಐದೂವರೆಯ ಬಿಸಿಲು ಕಲ್ಲಿಗೆ ಜೇನಿನ ಬಣ್ಣ ಕೊಡುತ್ತದೆ, ನಿಜ. ಆದರೆ ಆಗ ಸೂರ್ಯ ಗೋಡೆಯ ಎದುರಿಗೇ ನಿಂತಿರುತ್ತಾನೆ, ಟಾರ್ಚನ್ನು ನಾಣ್ಯದ ನೇರ ಮೇಲೆ ಹಿಡಿದಂತೆ. ಬಣ್ಣ ಬರುತ್ತದೆ, ಉಬ್ಬು ಹೋಗುತ್ತದೆ.

ಉತ್ತರದ ಗೋಡೆಯ ಕಥೆ ಬೇರೆಯೇ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೆಯ ವಾರದವರೆಗೆ ಸೂರ್ಯ ದಿನವಿಡೀ ದಕ್ಷಿಣಕ್ಕೇ ಇರುವುದರಿಂದ ನೇರ ಉತ್ತರಕ್ಕೆ ಮುಖಮಾಡಿದ ಕಲ್ಲಿಗೆ ಒಂದು ಕಿರಣವೂ ಬೀಳುವುದಿಲ್ಲ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಹುಟ್ಟುವುದೇ ನೇರ ಪೂರ್ವಕ್ಕಿಂತ 24 ಡಿಗ್ರಿ ದಕ್ಷಿಣದಲ್ಲಿ. ದಕ್ಷಿಣದ ಗೋಡೆಗೆ ಆಗ ಹಬ್ಬ. ಉತ್ತರದ ಗೋಡೆಗೆ ಬೆಳಗಿನಿಂದ ಸಂಜೆಯವರೆಗೂ ಬಿಸಿಲು ದೊರೆಯುವುದು ಏಪ್ರಿಲ್ 25ರ ಸುಮಾರಿನಿಂದ ಆಗಸ್ಟ್ 18ರ ಸುಮಾರಿನವರೆಗೆ ಮಾತ್ರ. ಅದರಲ್ಲಿ ಜೂನ್‌ನಿಂದಾಚೆಗೆ ಮುಂಗಾರು ಬಂದು ಮೋಡ ಕವಿಯುತ್ತದೆ. ಪ್ರವಾಸದ ಚಳಿಗಾಲದಲ್ಲಿ ಸೂರ್ಯನಿಲ್ಲ, ಸೂರ್ಯನಿರುವ ಕಾಲದಲ್ಲಿ ಮೋಡ. ಆದರೆ ಇದೂ ಸರಳರೇಖೆಯ ಗೋಡೆಯ ಲೆಕ್ಕ. ಹೊಯ್ಸಳರ ಗರ್ಭಗುಡಿ ನಕ್ಷತ್ರಾಕಾರದ್ದು, ಅದರ ಮೈ ನೂರು ಮಡಿಕೆಯಾಗಿ ಹೊರಳುತ್ತದೆ. ಯಾವ ಹೊತ್ತಿಗೆ ಹೋದರೂ ಯಾವುದೋ ಒಂದು ಮಡಿಕೆಗೆ ಓರೆ ಬಿಸಿಲು ಬಿದ್ದೇ ಇರುತ್ತದೆ. ಜಗತಿಯ ಮೇಲೆ ಒಂದು ಸುತ್ತು ಬಂದು, ಅದು ಎಲ್ಲಿದೆ ಎಂದು ಹುಡುಕುವುದೇ ಮಕ್ಕಳಿಗೆ ಒಳ್ಳೆಯ ಆಟ.

ಇಡೀ ಗುಡಿಯನ್ನು ಒಂದೇ ಚಿತ್ರದಲ್ಲಿ ಹಿಡಿಯಬೇಕೆಂದರೆ ಮತ್ತೆ ಬೇರೆಯ ಹವೆ ಬೇಕು. ಈ ದೇವಾಲಯಕ್ಕೆ ಇಂದು ಮೇಲೆ ಶಿಖರಗಳಿಲ್ಲ. ಅಗಲವಾದ, ತಗ್ಗಾದ ಕಟ್ಟಡ. ಹಿಂದೆ ನಿಂತು ತೆಗೆದರೆ ಚಿತ್ರದ ಅರ್ಧ ಭಾಗ ಆಕಾಶವೇ ಆಗುತ್ತದೆ. ಮೋಡದ ದಿನ ಆ ಅರ್ಧ ಭಾಗ ಬಿಳಿ ಕಾಗದ. ನೀಲಿ ಬೇಕೆಂದರೆ ಗಾಳಿ ತೊಳೆದಂತಿರಬೇಕು. ಗಾಳಿಯ ಅಣುಗಳು ಬೆಳಕಿನ ತರಂಗಾಂತರಕ್ಕಿಂತ ಬಹಳ ಚಿಕ್ಕವಾದ್ದರಿಂದ ಅವು ಗಿಡ್ಡ ತರಂಗಗಳನ್ನು ಹೆಚ್ಚಾಗಿ ಚದುರಿಸುತ್ತವೆ. 450 ನ್ಯಾನೊಮೀಟರಿನ ನೀಲಿ ಬೆಳಕು 700ರ ಕೆಂಪಿಗಿಂತ ಸುಮಾರು ಆರು ಪಟ್ಟು ಚದುರುತ್ತದೆ. ಧೂಳಿನ ಕಣಗಳು ಹಾಗಲ್ಲ, ಅವು ದೊಡ್ಡವು. ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮವಾಗಿ ಚದುರಿಸಿ ನೀಲಿಗೆ ಸುಣ್ಣದ ನೀರು ಬೆರೆಸುತ್ತವೆ. ಮಾರ್ಚ್ ಏಪ್ರಿಲಿನ ಆಕಾಶ ಮೋಡವಿಲ್ಲದಿದ್ದರೂ ಬಿಳಚಿಕೊಂಡಿರುವುದು ಇದರಿಂದ. ಒಂದು ಒಳ್ಳೆಯ ಮಳೆ ಬಿದ್ದು ಹೊಳವಾದ ಮರುದಿನ ಬೆಳಿಗ್ಗೆ ನೋಡಿ, ನೀಲಿ ಹೇಗಿರುತ್ತದೆಂದು. ಹಿಂಗಾರಿನ ಮಳೆ ಬಿಟ್ಟ ನವೆಂಬರಿನ ದಿನಗಳು ಇದಕ್ಕೆ ಹೇಳಿ ಮಾಡಿಸಿದಂಥವು. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡರೆ ನೀಲಿ ಇನ್ನೂ ಗಾಢ.

ಮಳೆಯ ಮಾತು ಬಂತು. ಹಳೇಬೀಡಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಹೊತ್ತು ಯಾವುದೆಂದರೆ ಮಳೆ ನಿಂತ ಅರ್ಧ ಗಂಟೆ. ಬೂದು ಹಸಿರಿನ ಕಲ್ಲು ನೆನೆದು ಕಪ್ಪಾಗಿರುತ್ತದೆ. ನೆನೆದ ಕಲ್ಲು, ನೆನೆದ ಮಣ್ಣು, ನೆನೆದ ಬಟ್ಟೆ ಏಕೆ ಕಪ್ಪಾಗುತ್ತವೆ? ಒಣಗಿದ ಕಲ್ಲಿನ ಮೇಲ್ಮೈ ತುಂಬ ಸೂಕ್ಷ್ಮ ತರಕಲು, ರಂಧ್ರ. ಬೆಳಕು ಅಲ್ಲಿಗೆ ಬಡಿದು ಅಲ್ಲಿಂದಲೇ ಚದುರಿ ಹಿಂದಿರುಗುತ್ತದೆ, ಅದು ನಮಗೆ ಬೂದಿ ಬಳಿದಂತೆ ಕಾಣುತ್ತದೆ. ಆ ರಂಧ್ರಗಳಿಗೆ ನೀರು ತುಂಬಿದಾಗ, ನೀರಿನ ವಕ್ರೀಭವನ ಸೂಚ್ಯಂಕ 1.33 ಗಾಳಿಗಿಂತ ಕಲ್ಲಿಗೆ ಹತ್ತಿರವಾದ್ದರಿಂದ, ಬೆಳಕು ಹೆಚ್ಚು ತಡೆಯಿಲ್ಲದೆ ಒಳಕ್ಕೆ ಹೋಗುತ್ತದೆ. ಒಳಗೆ ಹೀರಲ್ಪಡುತ್ತದೆ. ಹಿಂದಿರುಗುವುದು ಕಡಿಮೆ. ಆದ್ದರಿಂದ ಬಣ್ಣ ಗಾಢವಾಗುತ್ತದೆ. ಜೊತೆಗೆ ನೀರಿನ ಪೊರೆ ಆಕಾಶವನ್ನು ಪ್ರತಿಫಲಿಸಿ ಉಬ್ಬಿದ ಕಡೆ ಬೆಳ್ಳಿಯ ಗೆರೆ ಎಳೆಯುತ್ತದೆ. ಈ ಅಂದಕ್ಕೆ ಆಸೆಪಟ್ಟು ಶಿಲ್ಪದ ಮೇಲೆ ಬಾಟಲಿಯ ನೀರು ಸುರಿಯುವವರನ್ನು ಬೇರೊಂದು ಗುಡಿಯಲ್ಲಿ ಕಂಡಿದ್ದೇನೆ. ಶಾಸನದ ಅಕ್ಷರಗಳಿಗೆ ಸೀಮೆಸುಣ್ಣ ತಿಕ್ಕುವವರನ್ನೂ ಕಂಡಿದ್ದೇನೆ. ಮಕ್ಕಳೇ, ಅದನ್ನು ಮಾಡಬೇಡಿ, ಮಾಡುವವರನ್ನು ತಡೆಯಿರಿ. ಓರೆಯಾಗಿ ಹಿಡಿದ ಒಂದು ಟಾರ್ಚ್ ಸೀಮೆಸುಣ್ಣಕ್ಕಿಂತ ಚೆನ್ನಾಗಿ ಓದಿಸುತ್ತದೆ, ಕಲ್ಲನ್ನು ಮುಟ್ಟುವುದೂ ಇಲ್ಲ.

ಈ ಗುಡಿಯ ಮುಂದೆ ಬೆಳಕಿಗಾಗಿ ಪೇಚಾಡಿದವರಲ್ಲಿ ನಾವೇ ಮೊದಲಿಗರಲ್ಲ. 1854ರ ಡಿಸೆಂಬರಿನಲ್ಲಿ ಮದರಾಸು ಸೈನ್ಯದ ಅಧಿಕಾರಿ ಲಿನ್ನಿಯಸ್ ಟ್ರೈಪ್ ಎಂಬಾತ, ವೈದ್ಯ ಆಂಡ್ರ್ಯೂ ನೀಲ್ ಜೊತೆಗೂಡಿ ಹಳೇಬೀಡು, ಬೇಲೂರುಗಳಿಗೆ ಬಂದು ಚಿತ್ರ ತೆಗೆದ. ಛಾಯಾಗ್ರಹಣ ಹುಟ್ಟಿ ಆಗ ಇನ್ನೂ ಹದಿನೈದು ವರ್ಷ. ಟ್ರೈಪ್ ಬಳಸುತ್ತಿದ್ದುದು ಮೇಣ ಸವರಿದ ಕಾಗದದ ನೆಗೆಟಿವ್. ಒಂದು ಚಿತ್ರಕ್ಕೆ ಬೆಳಕು ಬಿಡಬೇಕಾದದ್ದು ಸೆಕೆಂಡುಗಳ ಲೆಕ್ಕದಲ್ಲಲ್ಲ, ನಿಮಿಷಗಳ ಲೆಕ್ಕದಲ್ಲಿ. ಗಾಳಿ ಬೀಸಿದರೆ ಮರದ ಎಲೆಯೆಲ್ಲ ಹೊಗೆಯಾಗುತ್ತಿತ್ತು. ಅಂದಿನ ರಾಸಾಯನಿಕಗಳಿಗೆ ನೀಲಿ ಬೆಳಕೆಂದರೆ ವಿಪರೀತ ಸೂಕ್ಷ್ಮತೆ, ಕೆಂಪು ಕಾಣುತ್ತಲೇ ಇರಲಿಲ್ಲ. ಆದ್ದರಿಂದ ಎಷ್ಟೇ ನೀಲಿಯಾದ ಆಕಾಶವೂ ಚಿತ್ರದಲ್ಲಿ ಬರಿ ಬಿಳಿಯಾಗಿ ಬರುತ್ತಿತ್ತು. ಟ್ರೈಪ್ ಮರುವರ್ಷ ಬರ್ಮಾಕ್ಕೆ ಹೋಗಿ ತೆಗೆದ ಚಿತ್ರಗಳಲ್ಲಿ ನೆಗೆಟಿವಿನ ಮೇಲೆ ಕುಂಚದಿಂದ ಮೋಡಗಳನ್ನು ತಾನೇ ಬರೆದಿದ್ದಾನೆ! ಬಿಳಿ ಆಕಾಶದ ದುಃಖ ನಮ್ಮ ಎಂಟನೇ ತರಗತಿಯ ಹುಡುಗಿಯದು ಮಾತ್ರವಲ್ಲ ಎಂದು ತಿಳಿದರೆ ಸಾಕು. ನೀಲ್ ಮತ್ತಿತರರ ಚಿತ್ರಗಳು 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಬಗೆಗಿನ ಒಂದು ದೊಡ್ಡ ಗ್ರಂಥದಲ್ಲಿ ಸೇರಿದವು. ಜೇಮ್ಸ್ ಫರ್ಗುಸನ್ ಅದಕ್ಕೆ ಟಿಪ್ಪಣಿ ಬರೆದ. ಹೊರಗಿನ ಪ್ರಪಂಚ ಹಳೇಬೀಡನ್ನು ನೋಡಿದ್ದು ಇಂಥ ಚಿತ್ರಗಳಿಂದ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದ್ದು 2023ರಲ್ಲಿ.

ಫೋನಿನಲ್ಲಿ ಚಿತ್ರ ತೆಗೆಯುವ ಮಕ್ಕಳಿಗೆ ಎರಡು ಮಾತು. ಮೋಡದ ದಿನ ಚೌಕಟ್ಟಿನೊಳಗೆ ಆಕಾಶಕ್ಕೆ ಜಾಗ ಕೊಡಬೇಡಿ. ಒಂದು ಮೂಲೆಯಲ್ಲಿ ಬಿಳಿ ಆಕಾಶ ಸೇರಿಕೊಂಡರೂ ಫೋನು ‘ಬೆಳಕು ಹೆಚ್ಚಾಯಿತು’ ಎಂದು ತಿಳಿದು ಇಡೀ ಚಿತ್ರವನ್ನು ಕಪ್ಪು ಮಾಡಿಬಿಡುತ್ತದೆ. ಹತ್ತಿರ ಹೋಗಿ ಗೋಡೆಯನ್ನಷ್ಟೇ ತುಂಬಿಕೊಳ್ಳಿ, ಶಿಲ್ಪದ ಮುಖದ ಮೇಲೆ ಬೆರಳಿನಿಂದ ಒಮ್ಮೆ ಮುಟ್ಟಿ, ಆಮೇಲೆ ಗುಂಡಿ ಒತ್ತಿ. ಇನ್ನೊಂದು, ಫೋನನ್ನು ಮೇಲಕ್ಕೆ ವಾಲಿಸಬೇಡಿ. ವಾಲಿಸಿದರೆ ಗೋಡೆ ಹಿಂದಕ್ಕೆ ಬೀಳುವಂತೆ ಬರುತ್ತದೆ. ಮೂರು ಕಾಲಿನ ಸ್ಟ್ಯಾಂಡ್ ಒಯ್ಯಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕು, ಕೈಯಲ್ಲಿ ಹಿಡಿದು ತೆಗೆಯುವುದೇ ನಮಗೆ ಸರಿ.

ಶನಿವಾರ ತಂದೆ ಮಗಳು ಇಬ್ಬರೂ ಬಂದರು. ಹುಡುಗಿ ಇನ್ನೂ ಬಿಗುಮಾನದಲ್ಲೇ ಇದ್ದಳು. ಫೋನು ತೆಗೆದು ತೋರಿಸಿದಳು. ಉಳಿಸಿಕೊಂಡಿದ್ದ ಹದಿನಾಲ್ಕು ಚಿತ್ರಗಳಲ್ಲೂ ಗುಡಿ ದೂರದಲ್ಲಿ, ಮೇಲೆ ಬಿಳಿ ಆಕಾಶ, ಮುಂದೆ ಗೆಳತಿಯರು. ‘ಹತ್ತಿರದಿಂದ ಒಂದೂ ತೆಗೆಯಲಿಲ್ಲವೇನಮ್ಮ?’ ಎಂದೆ. ‘ತೆಗ್ದಿದ್ದೆ ಸಾರ್. ಬಣ್ಣಾನೇ ಇರಲಿಲ್ಲ, ಅಳಿಸಿಬಿಟ್ಟೆ’ ಎಂದಳು.

ಅವಳ ತಂದೆಯ ಕಡೆ ತಿರುಗಿ, ‘ನೀವು ಬಟ್ಟೆಗೆ ದಾರ ಹೊಂದಿಸುವಾಗ ಎಲ್ಲಿ ನಿಂತು ನೋಡುತ್ತೀರಿ?’ ಎಂದು ಕೇಳಿದೆ. ಅವರಿಗೆ ಈ ಪ್ರಶ್ನೆ ಏಕೆಂದು ತಿಳಿಯಲಿಲ್ಲ. ‘ಅಂಗಡಿ ಬಾಗಿಲ ಹತ್ತಿರ ಸಾರ್, ನೆರಳಲ್ಲಿ.’

‘ಬೀದಿಯ ಬಿಸಿಲಿಗೆ ಹೋಗಿ ನೋಡಬಹುದಲ್ಲ?’

‘ಎಲ್ಲಾದರೂ ಉಂಟಾ ಸಾರ್? ಬಿಸಿಲಿಗೆ ಹಿಡಿದರೆ ಕಣ್ಣು ಕುಕ್ಕುತ್ತೆ, ನೂಲಿನ ಎಳೆ ಗೊತ್ತಾಗೋಲ್ಲ.’

ಫೋನಿನಲ್ಲಿ ಅಳಿಸಿದ ಚಿತ್ರಗಳು ಕೂಡಲೇ ಹಾಳಾಗುವುದಿಲ್ಲ, ಕೆಲವು ವಾರ ಕಸದ ಬುಟ್ಟಿಯಲ್ಲಿ ಕುಳಿತಿರುತ್ತವೆ ಎಂಬುದು ಈಚೆಗೆ ನನ್ನ ವಿದ್ಯಾರ್ಥಿಗಳೇ ನನಗೆ ಕಲಿಸಿದ ಪಾಠ. ಹುಡುಗಿಯೇ ಬುಟ್ಟಿ ತೆರೆದಳು. ಒಂಬತ್ತು ಚಿತ್ರಗಳಿದ್ದವು. ನಾಲ್ಕು ಕೈ ಅಲುಗಿ ಹೋಗಿದ್ದವು. ಐದನೆಯದು ಪಶ್ಚಿಮದ ಗೋಡೆಯ ಒಂದು ಶಿಲ್ಪ, ಹನ್ನೊಂದೂ ಮುಕ್ಕಾಲಕ್ಕೆ ತೆಗೆದದ್ದು. ಬಿಸಿಲಿದ್ದಿದ್ದರೂ ಆ ಹೊತ್ತಿಗೆ ಆ ಗೋಡೆಗೆ ಅದು ತಲುಪುತ್ತಿರಲಿಲ್ಲ. ಚಿತ್ರದಲ್ಲಿ ಆಕಾಶವಿರಲಿಲ್ಲ, ಗೆಳತಿಯರೂ ಇರಲಿಲ್ಲ. ಬೂದು ಬಣ್ಣದ ಕಲ್ಲು ಮಾತ್ರ. ಎರಡು ಬೆರಳಿನಿಂದ ಹಿಗ್ಗಿಸಿದೆ. ಅರೆಮುಚ್ಚಿದ ಕಣ್ಣು ಕಂಡಿತು, ರೆಪ್ಪೆಯ ಅಂಚು ಸಹಿತ. ಇನ್ನೂ ಕೆಳಗೆ ಸರಿಸಿದೆ. ಕತ್ತಿನಿಂದ ಎದೆಗೆ ಇಳಿದ ಹಾರದಲ್ಲಿ ಒಂದೊಂದು ಮಣಿಯೂ ಬೇರೆಬೇರೆ, ಮಣಿಗೂ ಮಣಿಗೂ ನಡುವಿನ ಸಂದಿನಲ್ಲೂ ಬೆಳಕು.

ಅವಳ ತಂದೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು. ಕನ್ನಡಕವನ್ನು ಹಣೆಗೆ ಏರಿಸಿ, ದಾರದ ಎಳೆ ನೋಡುವವರಂತೆ ಹತ್ತಿರ ಹಿಡಿದು ತೋರುಬೆರಳಿನಿಂದ ಒಂದೊಂದೇ ಮಣಿಯನ್ನು ಎಣಿಸತೊಡಗಿದರು. ಇಪ್ಪತ್ತಮೂರರ ತನಕ ಬಂದಾಗ ಬೆರಳು ತಾಗಿ ಚಿತ್ರ ಸರಿದುಹೋಯಿತು. ‘ಇರಪ್ಪಾ, ನಾನು ಎಣಿಸ್ತೀನಿ’ ಎಂದು ಮಗಳು ಕೈ ನೀಡಿದಳು.